ಚೆಂಡು ಕೊಡುವವನ ಲೆಕ್ಕ

ಕಾಲ್ಚೆಂಡಾಟದ ಬಗ್ಗೆ ಬರೆಯಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ತಲೆ ನರೆಸಿಕೊಂಡವಳು ನಾನು. ಮೈದಾನ ಎಂದರೆ ನನಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಜಾಗ, ಅಷ್ಟೆ. ಆದರೆ ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ೨೦೧೮ರ ಆರಂಭದಲ್ಲಿ ಒಂದು ಸಂಜೆ ನನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಎಳೆದುಕೊಂಡು ಹೋದ. ಬೆಂಗಳೂರು ಎಫ್‌ಸಿ ತಂಡದ ಪಂದ್ಯ. ಸುತ್ತಲೂ ನೀಲಿ ಅಂಗಿಯ ಹುಡುಗರು, ಡೋಲು, ಕೂಗು. ಚೆಂಡು ಎಲ್ಲಿದೆ ಎಂದು ಹುಡುಕುವುದರಲ್ಲೇ ನನಗೆ ಅರ್ಧ ಗಂಟೆ ಕಳೆಯಿತು. ಕೊನೆಗೆ ಮಗನೇ ಕನಿಕರಪಟ್ಟು ಹೇಳಿದ, ‘ಅವ್ವಾ, ನೀ ಚೆಂಡಿನ ಬೆನ್ನ ಹತ್ತಬ್ಯಾಡ. ನಡುವ ಒಬ್ಬಾಂವ ನಿಂತಾನ ನೋಡು, ಅವನ್ನಷ್ಟ ನೋಡು.’

ಆ ಒಬ್ಬಾಂವ ದಿಮಾಸ್ ದೆಲ್ಗಾದೊ. ಸ್ಪೇನಿನವನು. ೧೯೮೩ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ ಹುಟ್ಟಿದವನು, ಆದ್ದರಿಂದ ಏಕವಚನಕ್ಕೆ ಕ್ಷಮೆಯಿರಲಿ.

ಅವನು ಓಡುವುದು ಕಡಿಮೆ. ಯಾರ ಮೈಮೇಲೂ ಬೀಳುವುದಿಲ್ಲ. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ಹೊರಳಿಸಿ ನೋಡಿಕೊಂಡಿರುತ್ತಾನೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವರನ್ನು ಮಾತಾಡಿಸುವ ನಾವು ಹೇಗೆ ಒಂದು ಕಣ್ಣನ್ನು ಒಳಗೇ ಬಿಟ್ಟು ಬಂದಿರುತ್ತೇವೋ ಹಾಗೆ. ಚೆಂಡು ಬಂದ ಮೇಲೆ ಅದು ಅವನ ಹತ್ತಿರ ಎರಡು ಗಳಿಗೆಯೂ ಇರುವುದಿಲ್ಲ. ಪಾದದ ಒಳಬದಿಯಿಂದ ಮೆತ್ತಗೆ ತಳ್ಳಿ, ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ, ಮತ್ತೆ ಖಾಲಿ ಜಾಗಕ್ಕೆ ಸರಿದು ಕೈ ಚಾಚಿ ‘ಇತ್ತ ಕೊಡು’ ಎಂದು ನಿಲ್ಲುತ್ತಾನೆ. ಅವನನ್ನೇ ನೋಡುತ್ತ ಹೋದಂತೆ ಆಟದ ನಕಾಶೆ ನನಗೆ ತಾನಾಗಿ ಬಿಡಿಸಿಕೊಂಡಿತು. ಅಂದಿನಿಂದ ಮೂರು ವರ್ಷ ಅವನ ಆಟವನ್ನು ಟೀವಿಯಲ್ಲಿ ಬಿಡದೆ ನೋಡಿದೆ. ಅವನ ಹಿಂದಿನ ಕಥೆಯನ್ನೂ ಮಗನಿಂದ ಕೇಳಿ, ಓದಿ ತಿಳಿದುಕೊಂಡೆ.

ಬಾರ್ಸಿಲೋನಾ ನಗರಕ್ಕೆ ಅಂಟಿಕೊಂಡ ಸಾಂತಾ ಕೊಲೋಮಾ ಎಂಬ ಊರಿನ ಹುಡುಗ. ಅದೇ ನಗರದ ಹೆಸರಾಂತ ಕ್ಲಬ್ಬಿನ ಕಿರಿಯರ ತಂಡಗಳಲ್ಲಿ ಬೆಳೆದ. ಎರಡನೇ ತಂಡದವರೆಗೆ ಬಂದ. ಮೊದಲ ತಂಡದ ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಮುಂದಿನದು ನಮ್ಮ ಇಲಾಖೆಯ ವರ್ಗಾವಣೆಯ ಪಟ್ಟಿಯ ಹಾಗಿದೆ. ಸೋರಿಯಾ ಎಂಬ ಸಣ್ಣ ಊರಿನ ನೂಮಾನ್ಸಿಯಾ, ದಕ್ಷಿಣದ ಉಯೆಲ್ವಾ ಊರಿನ ರೆಕ್ರಿಯೇಟಿವೊ, ೨೦೧೫ರಲ್ಲಿ ಸಮುದ್ರ ದಾಟಿ ಆಸ್ಟ್ರೇಲಿಯಾದ ವೆಸ್ಟರ್ನ್ ಸಿಡ್ನಿ, ೨೦೧೭ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ, ಬೆಂಗಳೂರು.

ಇತಿಹಾಸ ಕಲಿಸುವವಳಿಗೆ ಈ ಊರುಗಳ ಹೆಸರು ಕೇಳಿ ಸುಮ್ಮನಿರಲಾಗುವುದಿಲ್ಲ. ನೂಮಾನ್ಸಿಯಾ ಎಂದರೆ ಕ್ರಿಸ್ತಪೂರ್ವ ೧೩೩ರಲ್ಲಿ ರೋಮನ್ನರ ಸೇನಾಪತಿ ಸಿಪಿಯೋ ಮುತ್ತಿಗೆ ಹಾಕಿ, ಅನ್ನ ನೀರು ಕಡಿದು ಬಗ್ಗಿಸಿದ ಊರು. ಅದರ ಹೆಸರಿಟ್ಟುಕೊಂಡ ತಂಡ ೨೦೦೮ರಲ್ಲಿ ಎರಡನೇ ದರ್ಜೆ ಗೆದ್ದು ಮೇಲಕ್ಕೆ ಹೋಗಿ, ಅಲ್ಲಿ ಮೊದಲ ಪಂದ್ಯದಲ್ಲೇ ಬಾರ್ಸಿಲೋನಾವನ್ನು ೧-೦ಯಿಂದ ಸೋಲಿಸಿ, ವರ್ಷ ತುಂಬುವುದರೊಳಗೆ ಮತ್ತೆ ಕೆಳಕ್ಕೆ ಬಿತ್ತು. ರೆಕ್ರಿಯೇಟಿವೊ ೧೮೮೯ರಲ್ಲಿ ಹುಟ್ಟಿದ್ದು, ಸ್ಪೇನಿನ ಅತಿ ಹಳೆಯ ಕ್ಲಬ್ಬು. ಅಲ್ಲಿಯ ಗಣಿಗೆ ಬಂದ ಬ್ರಿಟಿಷರು ಕಟ್ಟಿದ್ದು. ಗಣಿ ಇದ್ದಲ್ಲಿ, ರೈಲು ಇದ್ದಲ್ಲಿ, ದಂಡು ಇದ್ದಲ್ಲಿ ಬ್ರಿಟಿಷರ ಜೊತೆ ಈ ಚೆಂಡೂ ಹೋಯಿತು. ಇನ್ನು ಬೆಂಗಳೂರು ಎಫ್‌ಸಿಯ ಒಡೆತನ ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಕಂಪನಿಯದು. ಹುಬ್ಬಳ್ಳಿಯಿಂದ ಬಳ್ಳಾರಿ ರೈಲಿನಲ್ಲಿ ಹೋಗುವವರು ಆ ಹೊಗೆಯನ್ನು ಕಿಟಕಿಯಿಂದ ನೋಡಿರುತ್ತೀರಿ.

ಇರಲಿ. ನಾನು ಹೇಳಹೊರಟದ್ದು ಬೇರೆ. ಈ ವೃತ್ತಿಯನ್ನು ಹೇಗೆ ಓದಬೇಕು?

ಗೋಲುಗಳನ್ನು ಎಣಿಸಿದರೆ ದಿಮಾಸ್ ದೊಡ್ಡವನಲ್ಲ. ಸ್ಪೇನಿನ ರಾಷ್ಟ್ರೀಯ ತಂಡಕ್ಕೆ ಎಂದೂ ಆಡಲಿಲ್ಲ. ನಮ್ಮ ಕ್ರೀಡಾ ಬರಹಕ್ಕೆ ಗೊತ್ತಿರುವುದು ಎರಡೇ ರಸ. ಗೆದ್ದವನಿಗೆ ವೀರ, ಬಿದ್ದವನಿಗೆ ಕರುಣ. ಗೋಲು ಹೊಡೆದವನು ಸಿಂಹ, ಹುಲಿ, ಗರ್ಜನೆ. ಪೆನಾಲ್ಟಿ ತಪ್ಪಿಸಿದವನಿಗೆ ಕಣ್ಣೀರ ಕೋಡಿ. ಇವೆರಡೂ ಅಲ್ಲದೆ ತೊಂಬತ್ತು ನಿಮಿಷ ಇತರರ ಕೆಲಸ ಹಸನು ಮಾಡಿಕೊಡುವವನಿಗೆ ನಮ್ಮಲ್ಲಿ ಭಾಷೆಯೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ೨೦೧೮ರ ಮಾರ್ಚ್ ೧೭ರಂದು ಬೆಂಗಳೂರು ತನ್ನದೇ ಅಂಗಳದಲ್ಲಿ ಚೆನ್ನೈಯಿನ್ ತಂಡಕ್ಕೆ ೩-೨ರಿಂದ ಅಂತಿಮ ಪಂದ್ಯ ಸೋತಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಗೆದ್ದು ಸ್ವಲ್ಪ ಸಮಾಧಾನ ಮಾಡಿಕೊಂಡಿತು. ಸರಿಯಾಗಿ ಒಂದು ವರ್ಷದ ಮೇಲೆ, ೨೦೧೯ರ ಮಾರ್ಚ್ ೧೭ರಂದು, ಮುಂಬೈಯಲ್ಲಿ ಗೋವಾ ತಂಡದೆದುರು ಮತ್ತೆ ಅಂತಿಮ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂತು. ನಮ್ಮ ಮನೆಯವರು ಆಕಳಿಸಿ ಮಲಗಲು ಎದ್ದರು. ೧೧೭ನೇ ನಿಮಿಷ, ಬೆಂಗಳೂರಿಗೆ ಕಾರ್ನರ್. ಮೂವತ್ತಾರು ವರ್ಷದ ಕಾಲುಗಳು ಎರಡು ಗಂಟೆ ಓಡಾಡಿ ದಣಿದಿದ್ದವು. ದಿಮಾಸ್ ನಿಧಾನಕ್ಕೆ ಹೋಗಿ, ಚೆಂಡನ್ನು ಇಟ್ಟು, ಒಮ್ಮೆ ತಲೆಯೆತ್ತಿ ನೋಡಿ ಒದ್ದ. ರಾಹುಲ್ ಭೇಕೆ ತಲೆ ತಾಗಿಸಿದ. ಗೋಲು. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪ್ರಶಸ್ತಿ.

ಮರುದಿನ ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಭೇಕೆಯ ಚಿತ್ರ ಅಂಗೈ ಅಗಲ ಇತ್ತು. ಇರಬೇಕಾದದ್ದೇ. ಕಾರ್ನರ್ ಎಂಬ ಶಬ್ದವೂ ಇತ್ತು. ಅದನ್ನು ಒದ್ದವನ ಹೆಸರನ್ನು ಮಾತ್ರ ಚಷ್ಮಾ ಹಾಕಿಕೊಂಡು ಹುಡುಕಬೇಕಾಯಿತು.

ಧಾರವಾಡ ಸೀಮೆಯವರಾದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಾನು ಕಾಲೇಜಿನಲ್ಲಿದ್ದಾಗ ಗಂಗೂಬಾಯಿ ಹಾನಗಲ್ಲರ ಕಛೇರಿ ಕೇಳಲು ಹುಬ್ಬಳ್ಳಿಗೆ ಹೋಗಿದ್ದೆ. ಅವರ ಬೆನ್ನಿಗೆ ಮಗಳು ಕೃಷ್ಣಾ ದನಿಗೂಡಿಸಲು ಕುಳಿತಿದ್ದರು. ಎಲ್ಲರ ಕಣ್ಣೂ ತಾಯಿಯ ಮೇಲೆ. ತಾಯಿ ಒಂದು ಸ್ವರವನ್ನು ಕಟ್ಟಿ ಉಸಿರು ಬಿಡುವ ಹೊತ್ತಿಗೆ ಮಗಳು ಅದನ್ನು ನೆಲಕ್ಕೆ ಬೀಳದಂತೆ ಹಿಡಿದು, ಒಂದು ಗಳಿಗೆ ಸಾಕಿ, ಮತ್ತೆ ತಾಯಿಯ ಕೈಗಿಡುತ್ತಿದ್ದರು. ಜೀವಮಾನವಿಡೀ ಹಾಗೆ ಹಾಡಿ ಕೃಷ್ಣಾ ಹಾನಗಲ್ ೨೦೦೪ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಅವರೂ ಸ್ವತಃ ಗಾಯಕಿ ಎಂಬುದನ್ನು ನಾವು ಎಷ್ಟು ಮಂದಿ ನೆನೆಯುತ್ತೇವೆ? ಸಾಥಿ ಎಂಬ ಒಳ್ಳೆಯ ಶಬ್ದ ನಮ್ಮಲ್ಲಿದೆ. ಆ ಶಬ್ದವಿದ್ದೂ ಲೆಕ್ಕ ಹಿಡಿಯುವಾಗ ನಾವು ಅದನ್ನು ಕೈಬಿಡುತ್ತೇವೆ.

ದಿಮಾಸನ ಆಟದಲ್ಲಿ ಕೊರತೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮೆಚ್ಚಿದ ಮಾತ್ರಕ್ಕೆ ಕಣ್ಣು ಮುಚ್ಚಬೇಕಿಲ್ಲ. ವಯಸ್ಸಾದಂತೆ ಅವನು ನಿಧಾನವಾದ. ಅವನ ಜೊತೆ ತಂಡದ ನಡುಭಾಗವೂ ನಿಧಾನವಾಯಿತು. ೨೦೧೯-೨೦ರ ಹೊತ್ತಿಗೆ ಬೆಂಗಳೂರಿನ ಹುಡುಗರು ಓಡುತ್ತ ಗೋಲು ಹೊಡೆಯುವುದನ್ನೇ ಮರೆತಂತೆ, ಕಾರ್ನರ್ ಸಿಗಲಿ, ಫ್ರೀ ಕಿಕ್ ಸಿಗಲಿ, ದಿಮಾಸ್ ಹಾಕಿಕೊಡಲಿ ಎಂದು ಕಾಯತೊಡಗಿದರು. ಆ ವರ್ಷ ಸೆಮಿಫೈನಲ್ಲಿನಲ್ಲಿ ಮನೆಯಂಗಳದಲ್ಲಿ ೧-೦ ಗೆದ್ದು, ಕೋಲ್ಕತ್ತದಲ್ಲಿ ೩-೧ ಸೋತು ಹೊರಬಿದ್ದರು. ಮನೆಯಲ್ಲಿ ಒಬ್ಬಳು ಅಚ್ಚುಕಟ್ಟಿನ ಹೆಂಗಸಿದ್ದರೆ ಉಳಿದವರಿಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದೂ ತಿಳಿಯದ ಹಾಗಾಗುತ್ತದಲ್ಲ, ಅದೇ ರೋಗ. ಅದರಲ್ಲಿ ಅವನ ತಪ್ಪೆಷ್ಟು, ತಂಡ ನಡೆಸಿದವರ ತಪ್ಪೆಷ್ಟು ಎಂಬುದು ಬೇರೆ ಮಾತು. ಆಗ ತರಬೇತುದಾರ ಅವನ ನಾಡಿನವನೇ ಆದ ಕಾರ್ಲೆಸ್ ಕ್ವಾದ್ರಾತ್.

ದೊಡ್ಡ ತಕರಾರು ಇನ್ನೊಂದಿದೆ. ಐಎಸ್‌ಎಲ್‌ನಲ್ಲಿ ೨೦೧೭-೧೮ರಿಂದ ಒಂದು ತಂಡಕ್ಕೆ ಏಕಕಾಲಕ್ಕೆ ಐವರು ವಿದೇಶಿಯರನ್ನು ಆಡಿಸಲು ಅವಕಾಶವಿತ್ತು, ೨೦೨೧-೨೨ರಿಂದ ಅದನ್ನು ನಾಲ್ಕಕ್ಕಿಳಿಸಿದರು. ಆ ಜಾಗಗಳನ್ನು ತಂಡಗಳು ಎಲ್ಲಿ ಬಳಸುತ್ತವೆ ನೋಡಿ. ಗೋಲು ಹೊಡೆಯುವಲ್ಲಿ, ಹಿಂದೆ ತಡೆಯುವಲ್ಲಿ, ಮತ್ತು ನಡುವೆ ನಿಂತು ಯೋಚಿಸುವಲ್ಲಿ. ಬದಿಗಳಲ್ಲಿ ಓಡುವುದು ನಮ್ಮ ಹುಡುಗರ ಪಾಲು. ನಮ್ಮ ಬೆಂಗಳೂರಿನ ಎಸ್. ರಾಮನ್ ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದವರು. ಅಂಥವರು ಬಂದ ಊರಿನಲ್ಲಿ ಎಪ್ಪತ್ತು ವರ್ಷಗಳ ಮೇಲೆ ನಡುವೆ ನಿಂತು ಚೆಂಡು ಹಂಚಲು ಸ್ಪೇನಿನಿಂದ ಒಬ್ಬನನ್ನು ಕರೆಸಬೇಕಾಯಿತು. ನಮ್ಮ ಮಕ್ಕಳಲ್ಲಿ ಆ ಬುದ್ಧಿ ಇಲ್ಲವೆ? ಇದೆ. ಅದನ್ನು ನಾವು ಆರಿಸುವುದಿಲ್ಲ. ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ.

೨೦೦೪ರ ಸುಮಾರಿಗೆ ನಾನಿದ್ದ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ಹುಡುಗಿಯರ ವಾಲಿಬಾಲ್ ತಂಡವನ್ನು ನನ್ನ ಕೊರಳಿಗೆ ಕಟ್ಟಿದರು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ, ಕುಳ್ಳಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಲಿಫ್ಟರ್ ಆಗಿದ್ದಳು. ಬಲೆಯ ಹತ್ತಿರ ನಿಂತು ಚೆಂಡನ್ನು ಎತ್ತಿಕೊಡುವುದು, ಎತ್ತರದ ಹುಡುಗಿಯರು ಹಾರಿ ಹೊಡೆಯುವುದು. ತಾಲೂಕಾ ಪಂದ್ಯಗಳನ್ನು ಗೆದ್ದೆವು. ಜಿಲ್ಲೆಯ ಆಯ್ಕೆಗೆ ನಾಲ್ಕು ಹೆಸರು ಕಳಿಸಬೇಕಿತ್ತು. ಫಾರಮ್ಮಿನಲ್ಲಿ ವೈಯಕ್ತಿಕ ಸಾಧನೆ ಎಂಬ ಅಂಕಣ. ನಾನು ಶಿಸ್ತಿನ ಶಿಕ್ಷಕಿ. ಪ್ರತಿ ಪಂದ್ಯದಲ್ಲಿ ಯಾರು ಎಷ್ಟು ಅಂಕ ಹೊಡೆದರೆಂದು ವಹಿಯಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದೆ. ಕೂಡಿಸಿ, ಮೇಲಿನ ನಾಲ್ಕು ಹೆಸರು ಕಳಿಸಿದೆ. ಅವಳದು ಕೆಳಗಿನಿಂದ ಎರಡನೆಯದು.

ಮರುದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ‘ಅಕ್ಕಾರ, ನಂದೇನು ತಪ್ಪಾಗಿತ್ರೀ?’ ಎಂದಳು. ತಪ್ಪೇನಿಲ್ಲ, ಅಂಕ ಕಡಿಮೆ ಇದ್ದವು ಎಂದು ವಹಿ ತೋರಿಸಿದೆ. ಅವಳು ಆ ವಹಿಯನ್ನು ಒಳ್ಳೇ ಹೊತ್ತು ನೋಡಿದಳು. ‘ನಾ ಕೊಟ್ಟಿದ್ದು ಇದರಾಗ ಎಲ್ಲೂ ಇಲ್ಲಲ್ರೀ’ ಎಂದಳು. ನಾನು ನಕ್ಕುಬಿಟ್ಟೆ. ಅವಳು ಹೋದಳು, ಮತ್ತೆ ಆಡಲು ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ್ದಷ್ಟೇ ನನಗೆ ಗೊತ್ತು.

ಆ ಮಾರ್ಚ್ ರಾತ್ರಿ ಭೇಕೆಯ ಮೇಲೆ ಎಲ್ಲರೂ ಮುಗಿಬಿದ್ದಾಗ ನನಗೆ ನೆನಪಾದದ್ದು ಆ ವಹಿ. ಮನೆಯವರಿಗೆ ಹೇಳಿದೆ. ‘ಅದನ್ನೇನ್ ಹಚಗೊಂಡಿ ಈಗ’ ಅಂದರು.

ದಿಮಾಸನ ಕೊನೆಯ ಋತು ಕೋವಿಡ್ಡಿನ ಕಾಲದ್ದು. ೨೦೨೦-೨೧ರ ಎಲ್ಲ ಪಂದ್ಯಗಳೂ ಗೋವಾದಲ್ಲಿ, ಖಾಲಿ ಕುರ್ಚಿಗಳ ಮುಂದೆ ನಡೆದವು. ಒಬ್ಬ ಆಟಗಾರ ಕೂಗಿದರೆ ಟೀವಿಯಲ್ಲಿ ನಮಗೆ ಕೇಳಿಸುತ್ತಿತ್ತು. ಜನವರಿಯಲ್ಲಿ ಕ್ವಾದ್ರಾತ್ ಹೋದ. ತಂಡ ಏಳನೆಯದಾಗಿ ಮುಗಿಸಿತು. ಅವನೂ ೨೦೨೧ರಲ್ಲಿ ಬಿಟ್ಟು ಹೋದ. ಕಂಠೀರವದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸುವ ಭಾಗ್ಯ ಆ ನೀಲಿ ಅಂಗಿಯ ಹುಡುಗರಿಗೆ ಸಿಗಲಿಲ್ಲ. ಸಂಗಡಿಗನಾಗಿದ್ದ ಹುವಾನನ್ ಎಂಬ ಸ್ಪೇನಿನವನು ಹೈದರಾಬಾದಿಗೆ ಹೋಗಿ ೨೦೨೨ರಲ್ಲಿ ಅಲ್ಲಿಯೂ ಪ್ರಶಸ್ತಿ ಗೆದ್ದ.

ಹೋದ ವರ್ಷ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರುತ್ತಿದ್ದೆ. ನವಲೂರಿನ ಹತ್ತಿರ ಯಾರೋ ‘ಕುಂದರ್ರಿ ಅಕ್ಕಾರ’ ಎಂದು ಎದ್ದು ಸೀಟು ಕೊಟ್ಟರು. ಅವಳೇ. ಜಡೆ ಈಗ ಒಂದು, ಜೊತೆಗೆ ಹನ್ನೆರಡರ ಮಗಳು. ಪಕ್ಕದ ಸೀಟು ಖಾಲಿಯಾದ ಮೇಲೆ ವಹಿಯ ಮಾತು ತೆಗೆದೆ. ತಪ್ಪು ನನ್ನದಿತ್ತು ಎಂದೆ. ಬಸ್ಸಿನ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. ಅವಳು ಹೊರಗೆ ನೋಡಿದಳು. ಆಮೇಲೆ, ‘ಇಕೀಗೂ ಎತ್ತಿಕೊಡಾಕ ಕಲಿಸೇನ್ರೀ. ಇಕೀ ಸಾಲ್ಯಾಗ ಹೆಂಗ ಆರಿಸ್ತಾರ, ಒಮ್ಮೆ ಬಂದು ನೋಡ್ರಿ’ ಎಂದಳು. ಶಾಲೆಯ ಹೆಸರು ಕೇಳಿ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಮುಂದಿನ ಶನಿವಾರ ನಮ್ಮ ಶಾಲೆ ಬಿಟ್ಟ ಮೇಲೆ ಹೋದೆ. ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕುಳಿತು ಹೊಸದೊಂದು ವಹಿ ತೆಗೆದೆ. ಎರಡು ಆಟಗಳಲ್ಲಿ ಆ ಹುಡುಗಿ ಎತ್ತಿಕೊಟ್ಟದ್ದು ನಲವತ್ತಮೂರು ಚೆಂಡು.