ಗುಹೆಯ ಮರಿಗಳನ್ನು ಏನು ಮಾಡಬೇಕು?

ಆಟದ ಪುಸ್ತಕಗಳಿಗೂ ವಿಮರ್ಶೆ ಬೇಕೆ ಎಂದು ಕೆಲವು ಗೆಳೆಯರು ಕೇಳಬಹುದು. ಬೇಕು. ಕತೆಯಲ್ಲಿ ಯಾರು ವೀರ, ಯಾರು ರಕ್ಕಸ ಎಂದು ತೀರ್ಮಾನ ಮಾಡುವವರ ಕೈಯಲ್ಲಿ ನಾವು ಸಾಕಷ್ಟು ಅನುಭವಿಸಿದ್ದೇವೆ. ಆ ತೀರ್ಮಾನವನ್ನು ಪುರಾಣಿಕ ಹೇಳಿದರೂ ಅಷ್ಟೆ, ಅಮೆರಿಕದ ಕಂಪನಿ ಅಚ್ಚು ಹಾಕಿ ಮಾರಿದರೂ ಅಷ್ಟೆ. ಪ್ರಶ್ನೆ ಮಾಡದೆ ಬಿಡಬಾರದು.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನಮ್ಮ ಬಯಲಾಟದ ಭಾಗವತರ ಥರ ಅಂತ ಇಟ್ಟುಕೊಳ್ಳಿ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ: ಕತ್ತಿಯವನು, ಮಂತ್ರವಾದಿ, ಪೂಜಾರಿ, ಕಳ್ಳ. 'ನಾನು ಬಾಗಿಲು ಒಡೀತೀನಿ' ಅಂದರೆ ಅದು ಒಡೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕತೆಯನ್ನು ಮಾಸ್ಟರ್ ತಾವೇ ಕಟ್ಟಬಹುದು. ಕಟ್ಟಲಾಗದವರಿಗೆ ಕಂಪನಿ ಸಿದ್ಧ ಸಾಹಸದ ಪುಸ್ತಕಗಳನ್ನೂ ನಿಯಮಗಳ ಪೂರಕ ಪುಸ್ತಕಗಳನ್ನೂ ಮಾರುತ್ತದೆ. ನಮ್ಮ ಮಾತು ಈ ಪುಸ್ತಕಗಳ ಬಗ್ಗೆ.

ಬೇಸಿಗೆ ರಜೆಯಲ್ಲಿ ನಾವು ಐದು ಜನ, ಇಬ್ಬರು ಮೇಷ್ಟ್ರು ಮೂವರು ಹಾಸ್ಟೆಲ್ ಹುಡುಗರು, ಒಂದು ಹಳೆಯ ಸಾಹಸವನ್ನು ಆಡಿ ನೋಡಿದೆವು. ಅದು ಗೈಗ್ಯಾಕ್ಸ್ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'. 1980ರ ಸುಮಾರಿನಲ್ಲಿ ಕಲಿಯುವವರ ಪೆಟ್ಟಿಗೆಯ ಜೊತೆಗೇ ಇದನ್ನು ಕೊಡುತ್ತಿದ್ದರು. ಹಾಗಾಗಿ ಎಷ್ಟೋ ಜನಕ್ಕೆ ಇದೇ ಮೊದಲ ಪಾಠ. ಗಡಿಯಲ್ಲೊಂದು ಕೋಟೆ. ಕೋಟೆಯೊಳಗೆ ನಾಗರಿಕರು. ಹೊರಗೆ ಕಣಿವೆಯಲ್ಲಿ ಸಾಲು ಗುಹೆಗಳು. ಗುಹೆಗಳಲ್ಲಿ ಕೋಬೋಲ್ಡ್, ಗಾಬ್ಲಿನ್, ಓರ್ಕ್ ಎಂಬ ಕುಲಗಳು. ಕೋಟೆಯಿಂದ ಹೊರಟು ಗುಹೆಗೆ ನುಗ್ಗುವುದು, ಇದ್ದವರನ್ನು ಕೊಲ್ಲುವುದು, ಇದ್ದದ್ದನ್ನು ಹೊತ್ತು ತರುವುದು, ಇದೇ ಸಾಹಸ.

ನಮ್ಮ ಮಾಸ್ಟರ್ ಪುಸ್ತಕ ನೋಡಿಕೊಂಡು ಹೇಳಿದರು: ಒಳಕೋಣೆಯಲ್ಲಿ ಗಂಡುಗಳಿವೆ, ಹೆಣ್ಣುಗಳಿವೆ, ಮರಿಗಳಿವೆ. ಮರಿಗಳು ಕಾದಾಡುವುದಿಲ್ಲ. ಅಲ್ಲೀವರೆಗೂ ದಾಳ ಎಸೆದು ಕುಣಿಯುತ್ತಿದ್ದ ಹುಡುಗ ದಾಳ ಕೆಳಗಿಟ್ಟ. 'ಸಾರ್, ಇವನ್ನೇನ್ ಮಾಡ್ಬೇಕು?' ಅಂದ.

ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಎಷ್ಟು ಮರಿ ಎಂಬ ಲೆಕ್ಕ ಮಾತ್ರ ಇತ್ತು.

ಪುಸ್ತಕದ ಗುಣವನ್ನೂ ಹೇಳಬೇಕು. ಹೊಸಬರಿಗೆ ಆಟ ಕಲಿಸುವುದರಲ್ಲಿ ಇದಕ್ಕೆ ಸಮನಾದ ಪುಸ್ತಕಗಳು ಕಮ್ಮಿ. ಊರಲ್ಲಿ ಹರಡಿದ ಗಾಳಿಮಾತುಗಳ ಪಟ್ಟಿ ಕೊಟ್ಟು, ಅದರಲ್ಲಿ ಕೆಲವು ಸುಳ್ಳು ಎಂದು ಮಾಸ್ಟರ್‌ಗೆ ಮಾತ್ರ ಹೇಳುತ್ತದೆ. ಗುಹೆಯ ಕುಲಗಳ ನಡುವೆ ವೈರವಿದೆ, ಒಂದರ ಜೊತೆ ಸೇರಿ ಇನ್ನೊಂದನ್ನು ಎದುರಿಸಬಹುದು ಎಂಬ ದಾರಿಯನ್ನೂ ತೆರೆದಿಡುತ್ತದೆ. ಆದರೆ ಲಾಭದ ಲೆಕ್ಕ ಆ ದಾರಿಯನ್ನು ಮುಚ್ಚುತ್ತದೆ. ಆಗಿನ ನಿಯಮದಲ್ಲಿ ಗುಹೆಯಿಂದ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವದ ಅಂಕ. ಹೌದು, ಅವರು ಅದನ್ನು ಅನುಭವ ಎಂದೇ ಕರೆಯುತ್ತಾರೆ. ಲೂಟಿ ಮಾಡಿದವನಿಗೆ ಅನುಭವ ಬರುತ್ತದೆ, ಲೂಟಿಯಾದವನ ಅನುಭವಕ್ಕೆ ಅಂಕವಿಲ್ಲ.

ಆ ಹುಡುಗನ ಪ್ರಶ್ನೆ ಹೊಸದಲ್ಲ. 2005ರಲ್ಲಿ, ಧರ್ಮನಿಷ್ಠ ಯೋಧನೊಬ್ಬ ಇಂಥವರನ್ನು ಕೊಂದರೆ ಧರ್ಮ ಕೆಡುತ್ತದೆಯೇ ಎಂಬ ಚರ್ಚೆ ಬಂದಾಗ ಗೈಗ್ಯಾಕ್ಸ್ ಬಳಸಿದ್ದು ಒಂದು ಹಳೆಯ ಮಾತನ್ನು: ಸೀರೇ ನಾಳೆ ಹೇನಾಗುತ್ತದೆ. ಈ ಮಾತು ಎಲ್ಲಿಯದು? 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್ ದಂಡೆಯಲ್ಲಿ ಷೈಯೆನ್ ಮತ್ತು ಅರಾಪಹೋ ಜನರ ಬಿಡಾರದ ಮೇಲೆ ಬಿದ್ದು, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರನ್ನೇ ಕಡಿದು ಹಾಕಿದ ಪಡೆಯ ನಾಯಕ ಕರ್ನಲ್ ಚಿವಿಂಗ್ಟನ್ ಹೆಸರಿಗೆ ಅಂಟಿಕೊಂಡಿರುವ ಮಾತು. ಅಂದಮೇಲೆ ಗಡಿಯ ಆ ಕೋಟೆ ಎಲ್ಲಿಂದ ಬಂತು, ಗುಹೆಯವರು ಯಾರು ಎಂದು ನಾವು ಊಹೆ ಮಾಡಬೇಕಾಗಿಲ್ಲ. ಕಟ್ಟುಕತೆಯ ಬಟ್ಟೆ ತೊಟ್ಟಿದ್ದರೂ ಒಳಗಿರುವುದು ಅಮೆರಿಕದ ಚರಿತ್ರೆಯೇ.

ಇನ್ನು ನಿಯಮದ ಪುಸ್ತಕಗಳು. 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ನಮಗೆ ಮನುವಿನ ಪುಸ್ತಕದಷ್ಟೇ ಪರಿಚಿತವಾಗಿ ಕಂಡಿತು. ಮಾನವ ಪಾತ್ರ ಎಷ್ಟು ಹಂತವಾದರೂ ಮೇಲೇರಬಹುದು. ಕುಳ್ಳ, ಅರ್ಧ ಓರ್ಕ್ ಮುಂತಾದವರಿಗೆ ಹೆಚ್ಚಿನ ಕಸುಬುಗಳಲ್ಲಿ ಒಂದು ಹಂತಕ್ಕೆ ಬೇಲಿ. ಬಹುಪಾಲು ಮಾನವೇತರರಿಗೆ ಬೇಲಿಯಿಲ್ಲದೆ ಬಿಟ್ಟ ಕಸುಬು ಯಾವುದು ಗೊತ್ತೆ? ಕಳ್ಳತನ! 1871ರಲ್ಲಿ ಕಾನೂನು ಮಾಡಿ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದ ಬ್ರಿಟಿಷರ ಬುದ್ಧಿಗೂ ಇದಕ್ಕೂ ದೂರವೆಷ್ಟು? 1981ರ ಆರಂಭಿಕ ಪುಸ್ತಕದಲ್ಲಂತೂ ಎಲ್ಫ್ ಆಗಿ ಹುಟ್ಟಿದವನ ಕಸುಬು ಎಲ್ಫ್, ಕುಳ್ಳನಾಗಿ ಹುಟ್ಟಿದವನ ಕಸುಬು ಕುಳ್ಳ. ಹುಟ್ಟೇ ಕಸುಬು! ಹಂತದ ಬೇಲಿ ತೆಗೆದದ್ದು 2000ದ ಮೂರನೆಯ ಆವೃತ್ತಿಯಲ್ಲಿ.

ನಮ್ಮ ರಕ್ಕಸನೂ ಈ ಸಂತೆಗೆ ಹೋಗಿದ್ದಾನೆ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್'ನಲ್ಲಿ ಭಾರತದ ಹೆಸರು ಹೇಳಿ ರಾಕ್ಷಸನನ್ನು ಸೇರಿಸಿದ್ದಾರೆ. ಚಿತ್ರದಲ್ಲಿ ಅವನಿಗೆ ಹುಲಿಯ ತಲೆ. ನರಮಾಂಸ ತಿನ್ನುತ್ತಾನೆ, ಹುಟ್ಟಾ ಕೆಟ್ಟವನು. ಪೂಜಾರಿ ಮಂತ್ರಿಸಿದ ಬಾಣ ತಾಗಿದರೆ ಸಾಯುತ್ತಾನೆ. ರಕ್ಕಸನ ಸಾವಿಗೆ ಪೂಜಾರಿಯ ಮಂತ್ರ ಬೇಕೆಂಬುದು ಲೇಕ್ ಜಿನೀವಾದವರಿಗೂ ಹೊಳೆಯಿತು ನೋಡಿ! ಮೈಸೂರಿನ ಹೆಸರಲ್ಲೇ ಒಬ್ಬ ಅಸುರನಿದ್ದಾನೆ. ಅವನನ್ನು ನಮ್ಮ ದೊರೆ ಎಂದು ಮಹಿಷ ದಸರಾ ಮಾಡುವ ಜನ ಅಲ್ಲೇ ಇದ್ದಾರೆ. ರಕ್ಕಸ ಎಂಬುದು ಗೆದ್ದವನು ಸೋತವನಿಗೆ ಇಟ್ಟ ಹೆಸರಿರಬಹುದು ಎಂಬ ಅನುಮಾನ ಆ ಪುಸ್ತಕಕ್ಕೆ ಬಂದೇ ಇಲ್ಲ.

ಕಾಲ ಬದಲಾಯಿತು. ಆಟ 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಕೈಗೆ ಹೋಯಿತು. 1999ರಲ್ಲಿ ಆ ಕಂಪನಿಯನ್ನೇ ಹ್ಯಾಸ್‌ಬ್ರೊ ಎಂಬ ಆಟಿಕೆ ಕಂಪನಿ ಕೊಂಡಿತು. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾಗಿ ಅಮೆರಿಕ ಬೀದಿಗಿಳಿಯಿತು. ಜೂನ್‌ನಲ್ಲಿ ಕಂಪನಿ, ಓರ್ಕ್ ಮತ್ತು ಡ್ರೌ ಕುಲಗಳನ್ನು ಚಿತ್ರಿಸಿದ ರೀತಿಯಲ್ಲಿ ನಿಜವಾದ ಜನರನ್ನು ಹೀಗಳೆದ ರೀತಿಯ ನೆರಳಿದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಎರಡೇ ವರ್ಷಕ್ಕೆ, 2022ರಲ್ಲಿ, 'ಸ್ಪೆಲ್‌ಜ್ಯಾಮರ್' ಪೂರಕ ಪುಸ್ತಕದಲ್ಲಿ ಮಂಗನಂಥ ಹ್ಯಾಡೋಝೀ ಕುಲವನ್ನು ತಂದಿತು. ಮಂತ್ರವಾದಿ ಹಿಡಿದು ಬುದ್ಧಿ ಕೊಟ್ಟ, ಗುಲಾಮರಾಗಿ ಮಾರಲು ಹೊರಟ, ಅವನ ಶಿಷ್ಯರು ಬಿಡುಗಡೆ ಮಾಡಿದರು ಎಂದು ಅದರ ಕತೆ. ಕರಿಯರ ಕತೆಯನ್ನು ಮಂಗಗಳ ಮೈಮೇಲೆ ಬರೆದು, ಅವರ ಬಿಡುಗಡೆಯನ್ನೂ ಒಡೆಯನ ಮನೆಯವರ ದಾನ ಮಾಡಿಬಿಟ್ಟರು. ಓದುಗರು ಉಗಿದರು. ಕಂಪನಿ ಕ್ಷಮೆ ಕೇಳಿ ಆ ಭಾಗ ಕಿತ್ತುಹಾಕಿತು.

2024ರ ಹೊಸ 'ಪ್ಲೇಯರ್ಸ್ ಹ್ಯಾಂಡ್‌ಬುಕ್' 'ರೇಸ್' ಎಂಬ ಪದ ತೆಗೆದು 'ಸ್ಪೀಷೀಸ್' ಎಂದು ಹಾಕಿತು. ಹೆಸರು ಬದಲಿಸುವ ಉಪಕಾರ ನಮಗೆ ಹೊಸದಲ್ಲ. ಹರಿಜನ ಅಂದಾಗಲೂ ಕೇರಿ ಕೇರಿಯಾಗೇ ಇತ್ತು. ಆದರೆ ಇಲ್ಲಿ ಹೆಸರಿನ ಜೊತೆ ನಿಯಮವೂ ಬದಲಾಗಿದೆ. ಬಲ, ಬುದ್ಧಿ ಮುಂತಾದವುಗಳ ಹೆಚ್ಚುವರಿ ಅಂಕ ಈಗ ಕುಲದಿಂದ ಬರುವುದಿಲ್ಲ, ಹಿಂದೆ ಮಾಡಿದ ಕೆಲಸದಿಂದ ಬರುತ್ತದೆ. ಒಳ್ಳೆಯದೇ ಅಂದುಕೊಂಡು ಪಟ್ಟಿ ನೋಡಿದೆವು. ಶ್ರೀಮಂತನಿಗೆ ಬಲ, ಬುದ್ಧಿ, ವರ್ಚಸ್ಸು. ದೇವಾಲಯದ ಸೇವಕನಿಗೆ ಬುದ್ಧಿ, ವಿವೇಕ, ವರ್ಚಸ್ಸು. ರೈತನಿಗೆ ಬಲ, ತಾಳಿಕೆ, ವಿವೇಕ. ರೈತನ ಪಾಲಿಗೆ ಬುದ್ಧಿ ಇಲ್ಲ! ಹುಟ್ಟನ್ನು ಮುಂಬಾಗಿಲಿಂದ ಕಳಿಸಿ ಕಸುಬನ್ನು ಹಿಂಬಾಗಿಲಿಂದ ಕರೆತಂದ ಹಾಗಾಯಿತು. ಹುಟ್ಟೂ ಕಸುಬೂ ಒಂದೇ ಹಗ್ಗದ ಎರಡು ಎಳೆ ಎಂಬುದು ನಮ್ಮ ದೇಶದ ಕೂಸಿಗೂ ಗೊತ್ತು. ಬೇಕಾದ ಹಿನ್ನೆಲೆಯನ್ನು ಹೊಸದಾಗಿ ಕಟ್ಟಿಕೊಳ್ಳಲು ಮಾಸ್ಟರ್‌ನ ಪುಸ್ತಕದಲ್ಲಿ ಅವಕಾಶವಿದೆ, ನಿಜ. ಆದರೆ ಅಪ್ಪಣೆ ಮಾಸ್ಟರ್‌ನದು.

2025ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಇನ್ನೂ ಜಾಣ. ಓರ್ಕ್‌ಗಳನ್ನು ಪಟ್ಟಿಯಿಂದಲೇ ಬಿಟ್ಟಿದೆ. ಗಾಬ್ಲಿನ್, ಕೋಬೋಲ್ಡ್ ಇದ್ದಾರೆ. ಮೊದಲು ಅವರು ಮನುಷ್ಯರೂಪಿಗಳ ವರ್ಗದಲ್ಲಿದ್ದರು. ಈಗ ಗಾಬ್ಲಿನ್ ಮಾಯಾಲೋಕದ ಜೀವಿ, ಕೋಬೋಲ್ಡ್ ಡ್ರ್ಯಾಗನ್ ವರ್ಗದ್ದು. ಮನುಷ್ಯರಂಥವರನ್ನು ಕೊಲ್ಲುವುದು ತಪ್ಪು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಕೊಲ್ಲುವುದನ್ನು ಬಿಡಲಿಲ್ಲ. ಅವರನ್ನು ಮನುಷ್ಯರಂಥವರ ಸಾಲಿನಿಂದ ಹೊರಗೆ ಹಾಕಿದರು, ಅಷ್ಟೆ.

ಹಾಗಾದರೆ ಈ ಆಟ ಸುಡುವುದಕ್ಕೇ ಲಾಯಕ್ಕೆ? ಅಲ್ಲ. 2022ರ 'ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್' ಓದಿದ ಮೇಲೆ ಹಾಗೆ ಹೇಳಲಾರೆವು. 13 ಸಾಹಸಗಳು. ಬರೆದವರು ಬಿಳಿಯರಲ್ಲದ ಬರಹಗಾರರು. ತಮ್ಮ ತಮ್ಮ ನೆಲದ ನೆನಪಿನಿಂದ ಬರೆದಿದ್ದಾರೆ. ಅದರಲ್ಲಿ 'ಇನ್ ದಿ ಮಿಸ್ಟ್ಸ್ ಆಫ್ ಮಣಿವರ್ಷ' ಮಿಮಿ ಮಂಡಲ್ ಅವರದು. ಕೋಲ್ಕತ್ತಾದ ಹೆಣ್ಣುಮಗಳು, ದಲಿತಳೆಂದು ಹೇಳಿಕೊಂಡೇ ಬರೆಯುವವರು. ಕರಿಯ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರನ್ನು ಕುರಿತ ಪುಸ್ತಕವೊಂದರ ಸಂಪಾದಕಿಯರಲ್ಲಿ ಒಬ್ಬರಾಗಿ 2018ರ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದವರು. ಅವರ ಶಂಖಭೂಮಿ ಬಂಗಾಳದ ಹಾಗೆ ನದಿ, ಮಂಜು, ಕಾಡಿನ ನಾಡು. ಕ್ರೀಡಾಪಂದ್ಯದ ಹೊತ್ತಿನಲ್ಲಿ ಗೆದ್ದವರು ಮಾಯವಾಗುತ್ತಾರೆ. ಅವರನ್ನು ಹುಡುಕುತ್ತ ಹೋದರೆ ಕಳೆದುಹೋದ ನಗರವೊಂದರ ದಾರಿ ಸಿಗುತ್ತದೆ. ಇಲ್ಲಿ ಕಾಡು ಲೂಟಿಗೆ ಕಾದಿರುವ ಗುಹೆಯಲ್ಲ, ಯಾರದೋ ಮನೆ. ಆಟಗಾರ ಮೊದಲು ಕೇಳಬೇಕು, ಆಮೇಲೆ ಕತ್ತಿ ಎತ್ತಬೇಕು.

ಈ ಪುಸ್ತಕಕ್ಕೂ ಕೊರತೆಯಿದೆ. ಒಂದೊಂದು ನಾಡಿಗೆ ಕೆಲವೇ ಪುಟ. ನಡುವಿನ ಸಿಟಡೆಲ್ ನಗರ ನಮಗೆ ಸ್ವಲ್ಪ ಹೆಚ್ಚೇ ಸುಖವಾಗಿ ಕಂಡಿತು. ಅಷ್ಟು ಸಮಾನತೆ ಯಾವ ಜಗಳ ಆಡಿ ಬಂತು ಎಂದು ತಿಳಿಯುವ ಆಸೆ ನಮ್ಮದು. ಇರಲಿ. ಪದ ತಿದ್ದುವುದಕ್ಕೂ ಬರೆಯುವ ಕೈ ಬದಲಾಗುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಆ ಕೈ ನಮ್ಮದೂ ಆಗಬಹುದು. 2023ರ ಜನವರಿಯಲ್ಲಿ ಕಂಪನಿ, ಬೇರೆಯವರು ಈ ಆಟಕ್ಕೆ ಪುಸ್ತಕ ಬರೆಯಲು 2000ದಿಂದ ಇದ್ದ ಪರವಾನಗಿಯನ್ನು ಬಿಗಿ ಮಾಡಲು ಹೊರಟಿತು. ಆಟಗಾರರು, ಸಣ್ಣ ಪ್ರಕಾಶಕರು ಬಂಡೆದ್ದರು. ಅದೇ ತಿಂಗಳಲ್ಲಿ ಕಂಪನಿ ಹಿಂದೆ ಸರಿಯಿತು. ಮೂಲ ನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಇನ್ನು ಅದನ್ನು ವಾಪಸ್ ಕಸಿಯುವಂತಿಲ್ಲ. ಎಲ್ಲಿಂದ ಪಡೆದೆವು ಎಂದು ಹೇಳಿದರೆ ಸಾಕು; ಯಾರು ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ, ಕನ್ನಡದಲ್ಲೂ, ಸಾಹಸ ಬರೆಯಬಹುದು, ಮಾರಲೂಬಹುದು. ಬೇಕಾದ್ದು ಕಾಗದ, ಪೆನ್ಸಿಲ್ಲು, ನಾಲ್ಕಾರು ದಾಳ. ಶಾಲೆಯ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ನಮ್ಮ ಆಟ ಆವತ್ತು ಅಲ್ಲಿಗೇ ನಿಂತಿತು. ಮಾರನೆಯ ದಿನ ಆ ಹುಡುಗ ನೋಟ್‌ಬುಕ್ಕಿನ ಹಾಳೆಯಲ್ಲಿ ಅದೇ ಗುಹೆಯ ನಕ್ಷೆ ಬರೆದು ತಂದ. ಮರಿಗಳಿಗೆಲ್ಲ ಹೆಸರಿಟ್ಟಿದ್ದ. ಸಾಹಸ ಶುರುವಾಗುವುದು ಗುಹೆಯ ಒಳಗಿಂದ. ರಾತ್ರಿ ಹೊತ್ತು, ಕೋಟೆಯ ಕಡೆಯಿಂದ ದೀವಟಿಗೆಗಳು ಬರುತ್ತಿವೆ. 'ಈಗ ಹೇಳಿ ಸಾರ್, ನೀವೇನ್ ಮಾಡ್ತೀರಿ?' ಎಂದು ಕೇಳಿ ದಾಳವನ್ನು ನಮ್ಮ ಮುಂದಿಟ್ಟ.