ಧಾರಾವಾಹಿಗೊಂದು ರಟ್ಟು: ಫ್ಯಾನ್‌ಫಿಕ್‌ಫೇರ್

ವಾರಪತ್ರಿಕೆಯ ಧಾರಾವಾಹಿಯನ್ನು ಕಂತುಕಂತಾಗಿ ಕತ್ತರಿಸಿ, ಕೊನೆಗೆ ಹೊಲಿದು ರಟ್ಟು ಹಾಕಿಸಿಟ್ಟುಕೊಳ್ಳುವ ಓದುಗರು ನಮ್ಮಲ್ಲಿ ಬಹಳ ಮಂದಿ ಇದ್ದರು. ಅಂತರಜಾಲದ ಧಾರಾವಾಹಿಗಳಿಗೆ ಅದೇ ಕೆಲಸ ಮಾಡಿಕೊಡುವ ಉಚಿತ ತಂತ್ರಾಂಶ ಫ್ಯಾನ್‌ಫಿಕ್‌ಫೇರ್. ಇದನ್ನು ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದ ಒಳಗೂ ಇದು ಕೂರುತ್ತದೆ. ಇಲ್ಲಿ ನೋಡುತ್ತಿರುವುದು ಅದರ ಕಮಾಂಡ್ ಲೈನ್ ರೂಪವನ್ನು.

ಆದೇಶದ ಹೆಸರು ಟೈಪಿಸಿ, ಮುಂದೆ ಕಥೆಯ ಜಾಲವಿಳಾಸ ಕೊಟ್ಟರಾಯಿತು. ತಂತ್ರಾಂಶ ಒಂದೊಂದೇ ಅಧ್ಯಾಯವನ್ನು ತಂದು, ಜಾಹೀರಾತು, ಮೆನು ಮುಂತಾದವನ್ನು ಬಿಟ್ಟು, ಎಲ್ಲವನ್ನೂ ಒಂದೇ ಇಪಬ್ ಕಡತವಾಗಿ ಜೋಡಿಸುತ್ತದೆ. ಇಪಬ್ ಎಂದರೆ ಹೆಚ್ಚೇನಲ್ಲ, ಪುಟಗಳು, ಪರಿವಿಡಿ ಮತ್ತು ಪುಸ್ತಕದ ವಿವರಗಳಿರುವ ಒಂದು ಜಿಪ್ ಕಟ್ಟು. ಕಡತದ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದು ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಒಳರಚನೆ ಮೆಚ್ಚುವಂಥದ್ದು. ಒಂದೊಂದು ಜಾಲತಾಣದ ಪುಟವಿನ್ಯಾಸವೂ ಬೇರೆಯಾದ್ದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ಅಡಾಪ್ಟರ್ ಇದೆ. ಪುಸ್ತಕ ಕಟ್ಟುವ ಭಾಗ ಮಾತ್ರ ಎಲ್ಲಕ್ಕೂ ಒಂದೇ. ಯಾವುದೋ ತಾಣ ತನ್ನ ವಿನ್ಯಾಸ ಬದಲಿಸಿದರೆ ಕೆಡುವುದು ಆ ಒಂದು ಅಡಾಪ್ಟರ್ ಮಾತ್ರ. ಅದನ್ನು ಸರಿಪಡಿಸಿದರೆ ಸಾಕು.

ನಿಜವಾದ ಪರೀಕ್ಷೆ ಇರುವುದು ಮುಂದಿನ ಕಂತು ಬಂದಾಗ. ಮೂಲ ವಿಳಾಸ ಇಪಬ್‌ನೊಳಗೇ ಬರೆದಿರುವುದರಿಂದ, ನವೀಕರಣದ ಆದೇಶಕ್ಕೆ ಹಳೆಯ ಕಡತದ ಹೆಸರು ಕೊಟ್ಟರೆ ಸಾಕು. ಹೊಸ ಅಧ್ಯಾಯಗಳಷ್ಟೇ ಬಂದು ಸೇರುತ್ತವೆ. ತಾಣದಲ್ಲಿರುವುದಕ್ಕಿಂತ ನಮ್ಮ ಕಡತದಲ್ಲೇ ಹೆಚ್ಚು ಅಧ್ಯಾಯಗಳಿದ್ದರೆ ಅದನ್ನು ತಿಳಿಸಿ ಸುಮ್ಮನಾಗುತ್ತದೆ, ಕಡತವನ್ನು ಮುಟ್ಟುವುದಿಲ್ಲ. ಲೇಖಕರು ಅಳಿಸಿದ ಅಧ್ಯಾಯ ಹೀಗೆ ಓದುಗನ ಬಳಿ ಉಳಿಯುತ್ತದೆ. ಆದರೆ ಲೆಕ್ಕವೆಲ್ಲ ಅಧ್ಯಾಯಗಳ ಸಂಖ್ಯೆಯದು. ಲೇಖಕಿ ಮೂರನೆಯ ಅಧ್ಯಾಯವನ್ನು ಪೂರ್ತಿ ತಿದ್ದಿ ಬರೆದರೂ ಸಂಖ್ಯೆ ಬದಲಾಗದ ಕಾರಣ ತಂತ್ರಾಂಶಕ್ಕೆ ಅದು ಗೊತ್ತಾಗದು. ಓದುಗ ಹಳೆಯ ಪಾಠವನ್ನೇ ಅಂತಿಮವೆಂದು ತಿಳಿದು ಓದುತ್ತಾನೆ. ಎಲ್ಲವನ್ನೂ ಹೊಸದಾಗಿ ತರಿಸುವ ಆದೇಶವೇನೋ ಇದೆ. ಅದನ್ನು ಬಳಸಿದರೆ ಹಳೆಯ ಪಾಠ ಹೋಯಿತು. ಮೊದಲು ಒಂದು ಪ್ರತಿ ಬೇರೆ ತೆಗೆದಿಡುವುದು ಜಾಣತನ. ಪಾಠಾಂತರಗಳನ್ನು ಗುರುತಿಸುವ ಏರ್ಪಾಡು ಇಲ್ಲದಿರುವುದನ್ನು ನಾನು ಇದರ ದೊಡ್ಡ ಕೊರತೆ ಎಂದೇ ಎಣಿಸುತ್ತೇನೆ.

ಇನ್ನೊಂದು ಕಿರಿಕಿರಿ ನಮಗೆ ಹೆಚ್ಚು ತಟ್ಟುವಂಥದ್ದು. ಕಡತದ ಹೆಸರಿನಲ್ಲಿ ರೋಮನ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳ ಹೊರತು ಮಿಕ್ಕಿದ್ದನ್ನೆಲ್ಲ ತಂತ್ರಾಂಶ ಅಡಿಗೆರೆಯಾಗಿ ಬದಲಿಸುತ್ತದೆ. ರಷ್ಯನ್ನಿನ ಶೀರ್ಷಿಕೆಯಾಗಲಿ ಕನ್ನಡದ್ದಾಗಲಿ, ಗತಿ ಒಂದೇ. ಒಳಗಿನ ಪಾಠಕ್ಕೆ ಯಾವ ತೊಂದರೆಯೂ ಇಲ್ಲ. ಸಂರಚನಾ ಕಡತದಲ್ಲಿ ಒಂದು ಸಾಲು ಬದಲಿಸಿದರೆ ಸರಿಹೋಗುತ್ತದೆ, ನಿಜ. ಯುನಿಕೋಡ್ ಇಷ್ಟು ಬಳಕೆಯಾಗಿರುವ ಕಾಲದಲ್ಲಿ ಆ ಕೆಲಸವನ್ನು ಓದುಗನೇಕೆ ಮಾಡಬೇಕು?

2009ರಲ್ಲಿ ಸಾರ್ವಜನಿಕರಿಗೆ ತೆರೆದ ಆರ್ಕೈವ್ ಆಫ್ ಅವರ್ ಓನ್ ತಾಣದ ಕಥೆಗಳಿಗೆ ಇದು ಅನಿವಾರ್ಯವೂ ಅಲ್ಲ. ಅಲ್ಲಿ ಇಪಬ್ ಇಳಿಸಿಕೊಳ್ಳುವ ಗುಂಡಿ ಪುಟದಲ್ಲೇ ಇದೆ. ಹತ್ತಾರು ಧಾರಾವಾಹಿಗಳನ್ನು ಹಿಂಬಾಲಿಸುವವರಿಗಷ್ಟೇ ಈ ಸಾಧನದ ಲಾಭ. ಆ ತಾಣ ನಡೆಯುತ್ತಿರುವುದು ಸ್ವಯಂಸೇವಕರಿಂದ, ದೇಣಿಗೆಯಿಂದ. ಎರಡು ಕೋರಿಕೆಗಳ ನಡುವೆ ಇಷ್ಟು ಸೆಕೆಂಡು ಕಾಯಬೇಕೆಂಬ ಆಯ್ಕೆ ಸಂರಚನೆಯಲ್ಲಿದೆ. ಅವಸರಕ್ಕೆ ಅದನ್ನು ಕಡಿಮೆ ಮಾಡುವುದು ಸಭ್ಯತೆಯಲ್ಲ. ಇನ್ನು ಕೆಲವು ತಾಣಗಳು ತಂತ್ರಾಂಶಗಳನ್ನು ಬಾಗಿಲಲ್ಲೇ ತಡೆಯುತ್ತವೆ.

ಶಿಕ್ಷಕರು ಒಂದನ್ನು ಗಮನಿಸಬೇಕು. ವಯಸ್ಕರ ಕಥೆ ಎದುರಾದಾಗ ತಂತ್ರಾಂಶ ನಿಂತು, ನೀವು ವಯಸ್ಕರೇ ಎಂದು ಕೇಳುತ್ತದೆ. ಹೌದೆಂದು ಒತ್ತಿದರೆ ನಂಬಿಬಿಡುತ್ತದೆ. ಹೀಗೆ ಇಳಿಸಿದ ಪ್ರತಿ ಸ್ವಂತ ಓದಿಗೆ ಮಾತ್ರ. ಹಕ್ಕು ಲೇಖಕರದ್ದೇ ಆದ್ದರಿಂದ ಅದನ್ನು ಶಾಲೆಯ ಗಣಕಗಳಿಗೆಲ್ಲ ಹಂಚುವ ಮೊದಲು ಅವರನ್ನು ಕೇಳಬೇಕು.