ಎಡಗೈಯ ಸಂಗೀತ

ವಿದ್ಯುತ್ ವಾದ್ಯಗಳ ವಿಷಯದಲ್ಲಿ ನನಗೆ ಬಹುಕಾಲದಿಂದ ಒಂದು ತಾತ್ಸಾರವಿತ್ತು. ಸ್ವರದಿಂದ ಸ್ವರಕ್ಕೆ ಜಾರುವುದು ಅವಕ್ಕೆ ಬಲು ಸುಲಭ. ಸುಲಭವಾದದ್ದು ಕಲೆಯಾಗಲಾರದು ಎಂಬುದು ನನ್ನ ವಾದ. ದೆವ್ವದ ಚಲನಚಿತ್ರಗಳಲ್ಲಿ ಊಳಿಡುವ ಆ ನಾದವನ್ನು ಕೇಳಿ ಬೇಸತ್ತವರು ನನ್ನೊಡನೆ ತಲೆದೂಗಿಯಾರು. ಈಚೆಗೆ ಒಂದೇ ಧಾಟಿಯನ್ನು ಎರಡು ವಾದ್ಯಗಳಲ್ಲಿ ಒಂದಾದ ಮೇಲೊಂದು ಕೇಳಿದೆ. ಅಂದಿನಿಂದ ಆ ಮಾತಿನಲ್ಲಿ ಅರ್ಧವನ್ನಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ.

ವಾದ್ಯದ ಹೆಸರು ಓಂದ್ ಮಾರ್ತನೋ. ಎಂದರೆ ಮಾರ್ತನೋನ ಅಲೆಗಳು. ಫ್ರಾನ್ಸಿನ ಮೋರಿಸ್ ಮಾರ್ತನೋ ಇದನ್ನು ಪ್ಯಾರಿಸ್ಸಿನ ರಸಿಕರ ಮುಂದಿಟ್ಟದ್ದು 1928ರಲ್ಲಿ. ನೋಟಕ್ಕೆ ಹಾರ್ಮೋನಿಯಂನಂತೆ ಕೀಲಿಗಳ ಸಾಲು. ಆದರೆ ಆ ಸಾಲು ಪಕ್ಕಕ್ಕೆ ತುಸು ಒಲೆಯುತ್ತದೆ. ಕೀಲಿಯನ್ನು ಒತ್ತಿದ ಬೆರಳು ಅಲುಗಿದರೆ ಸ್ವರವೂ ಅಲುಗುತ್ತದೆ. ನಮ್ಮವರು ಕಂಪಿತವೆನ್ನುವುದಕ್ಕೆ ಹತ್ತಿರದ್ದು. ಕೀಲಿಗಳ ಮುಂದೆ ಉದ್ದಕ್ಕೂ ಒಂದು ಎಳೆ ಹಾಯ್ದಿದೆ, ಅದಕ್ಕೊಂದು ಉಂಗುರ. ಉಂಗುರವನ್ನು ಬಲಗೈಯ ತೋರುಬೆರಳಿಗೆ ತೊಟ್ಟು ಸರಿಸಿದರೆ ಶ್ರುತಿ ಎಲ್ಲಿಯೂ ಕಡಿಯದೆ ಜಾರುತ್ತದೆ. ಸ್ವರದ ಠಾವು ಬೆರಳಿಗೆ ತಿಳಿಯಲೆಂದು ಕೆಳಗೆ ಸಣ್ಣ ಕುಳಿಗಳಿವೆ.

ಇಷ್ಟೇ ಆಗಿದ್ದರೆ ನನ್ನ ತಾತ್ಸಾರ ಉಳಿಯುತ್ತಿತ್ತು. ವಾದ್ಯದ ಗುಟ್ಟು ಇರುವುದು ಎಡಗೈಯಲ್ಲಿ. ಎಡಗಡೆಯ ಪುಟ್ಟ ಸೆಳೆಖಾನೆಯಲ್ಲಿ ಒಂದು ಕೀಲಿ. ಅದರಡಿ ಪುಡಿ ತುಂಬಿದ ತೊಗಲಿನ ಚೀಲ. ಒತ್ತಿದಷ್ಟೂ ವಿದ್ಯುತ್ತು ಹೆಚ್ಚು ಹರಿದು ನಾದ ತುಂಬುತ್ತದೆ. ಕೈ ಬಿಟ್ಟರೆ ಮೌನ. ಆದ್ದರಿಂದ ಉಂಗುರ ಎಷ್ಟು ದೂರ ಓಡಿದರೂ, ಎಡಗೈ ಅನುಮತಿ ಕೊಟ್ಟಷ್ಟೇ ನಮ್ಮ ಕಿವಿಗೆ ಬೀಳುತ್ತದೆ. ನಡುವೆ ಕೈ ಬಿಟ್ಟರೆ ಜಾರು ಅಡಗಿ ಶುದ್ಧವಾದ ನೆಗೆತವಾಗುತ್ತದೆ. ಗುರಿಯ ಹತ್ತಿರ ಮಾತ್ರ ಒತ್ತಿದರೆ ಸ್ವರಕ್ಕೆ ಸಣ್ಣದೊಂದು ಸ್ಪರ್ಶ ಸಿಗುತ್ತದೆ. ಮಾರ್ತನೋ ಸ್ವತಃ ಚೆಲ್ಲೋ ವಾದಕ. ಕಮಾನಿನ ಕೆಲಸವನ್ನು ಆತ ಎಡಗೈಗೆ ಒಪ್ಪಿಸಿದ್ದಾನೆ.

ಇನ್ನು ನಾನು ಕೇಳಿದ ಧಾಟಿ. 1937ರ ಪ್ಯಾರಿಸ್ ಪ್ರದರ್ಶನಕ್ಕಾಗಿ, ಸೇನ್ ನದಿಯ ಕಾರಂಜಿಗಳ ಜೊತೆಗೆ ಸಲ್ಲಲೆಂದು, ಒಲಿವಿಯೆ ಮೆಸಿಯಾನ್ ಆರು ಓಂದ್‌ಗಳಿಗೆ ಒಂದು ಕೃತಿ ರಚಿಸಿದ. ಮುಂದೆ ಯುದ್ಧಕೈದಿಯಾಗಿ ಗೋರ್ಲಿಟ್ಸ್ ಶಿಬಿರದಲ್ಲಿದ್ದಾಗ ಅದರದೇ ಒಂದು ಧಾಟಿಯನ್ನು ಚೆಲ್ಲೋ ಮತ್ತು ಪಿಯಾನೋಗಳಿಗೆ ಒಗ್ಗಿಸಿ 'ಕಾಲಾಂತ್ಯದ ಚತುಷ್ಟಯ'ದ ಐದನೆಯ ಭಾಗವಾಗಿಸಿದ. ಅದನ್ನು ಶಿಬಿರದಲ್ಲೇ ಮೊದಲು ನುಡಿಸಿದ್ದು 1941ರ ಜನವರಿಯಲ್ಲಿ.

ಚೆಲ್ಲೋ ಕೇಳುವಾಗ ಕಮಾನು ಮುಗಿದು ಮರಳುವುದು ಗೊತ್ತಾಗುತ್ತದೆ. ಆ ದೀರ್ಘ ಸ್ವರಗಳಿಗೆ ಕಮಾನು ಸಾಲದು; ಸಾಲದಿರುವುದೇ ಅಲ್ಲಿಯ ಉಸಿರು. ಕೆಳಗೆ ಪಿಯಾನೋ ಬಡಿದ ನಾದ ಆರುತ್ತ, ಮತ್ತೆ ಹುಟ್ಟುತ್ತ ಕಾಲವನ್ನು ಎಣಿಸುತ್ತದೆ. ಓಂದ್‌ಗೆ ಕಮಾನೇ ಇಲ್ಲ, ಸ್ವರಕ್ಕೆ ಕೊನೆಯೂ ಇಲ್ಲ. ಆದ್ದರಿಂದ ಉಸಿರನ್ನು ವಾದಕನೇ ಕಲ್ಪಿಸಿಕೊಳ್ಳಬೇಕು. ನಾನು ಕೇಳಿದ ಮುದ್ರಿಕೆಯಲ್ಲಿ ಬಹುಪಾಲು ಜಾರುಗಳು ಮರೆಯಾಗಿದ್ದವು. ಧಾಟಿ ಮೇಲೇರುವ ಒಂದೆರಡು ಕಡೆ ಮಾತ್ರ ಕೇಳಿಸಿದವು. ಆ ಜಿಪುಣತನವೇ ನನ್ನನ್ನು ಸೋಲಿಸಿತು.

ಹಾಗೆಂದು ಎಲ್ಲವನ್ನೂ ಒಪ್ಪಿಕೊಂಡೆನೆಂದಲ್ಲ. ಅದೇ ಮೆಸಿಯಾನನ 'ತುರಂಗಲೀಲಾ' ಸ್ವರಮೇಳದ ಹೆಸರು ಸಂಸ್ಕೃತದ್ದು, ನಮಗೆ ಹತ್ತಿರದ್ದು. 1949ರಲ್ಲಿ ಬಾಸ್ಟನ್ನಿನಲ್ಲಿ ಮೊದಲು ನುಡಿದ ಆ ಕೃತಿಯ ಅಬ್ಬರದ ಭಾಗಗಳಲ್ಲಿ ಓಂದ್ ಮೇಲಕ್ಕೂ ಕೆಳಕ್ಕೂ ಹಾಯುವುದು ನನಗಿನ್ನೂ ಹಿಡಿಸಿಲ್ಲ. ಅಲ್ಲಿ ಜಾರು ಮಾತಾಗುವುದಿಲ್ಲ, ಕೂಗಾಗುತ್ತದೆ.

ಬೆರಳಿನ ಒತ್ತನ್ನೂ ಒಲೆತವನ್ನೂ ಗ್ರಹಿಸುವ ಹೊಸ ವಾದ್ಯಗಳು ಈಗ ಬಂದಿವೆ. ಅವನ್ನು ನುಡಿಸುವ ತರುಣರು ಸ್ವರವನ್ನು ಎಷ್ಟು ಬಾಗಿಸಬಲ್ಲರೆಂದು ನಾನು ಕೇಳುವುದಿಲ್ಲ. ಎಷ್ಟನ್ನು ಬಾಗಿಸದೆ ಬಿಡುತ್ತಾರೆಂದು ಕೇಳುತ್ತೇನೆ. ಸುಲಭವಾದದ್ದು ಕಲೆಯಾಗುವುದು ಕಷ್ಟವೆಂಬ ಮಾತನ್ನು ಇಂದಿಗೂ ಬಿಡಲಾರೆ. ಅದು ಆಗಲಾರದೆಂದು ಬಗೆದಿದ್ದು ಮಾತ್ರ ನನ್ನ ತಪ್ಪು.